ಕೊಯ್ಯದೇ ಆಗುತ್ತೆ ಅಂದ್ರೆ ಅದೇ ಒಳ್ಳೇದಾ? (ಭಾಗ 3: ಸ್ಟೆಂಟಾ, ಬೈಪಾಸಾ)

ನಮ್ಮ ಕಡೆ ತೀರ್ಪು ಮೊದಲೇ ರೆಡಿ ಇರುತ್ತೆ. ಸ್ಟೆಂಟ್ ಅಂದ್ರೆ "ಸಣ್ಣದು, ಎರಡು ದಿನಕ್ಕೆ ಮನೆಗೆ ಬರ್ತಾರೆ". ಬೈಪಾಸ್ ಅಂದ್ರೆ "ಅಯ್ಯೋ, ಎದೆ ಸೀಳ್ತಾರಂತೆ". ರಾಮನಗರದ ಗೂಡಿನ ಮಾರ್ಕೆಟ್‌ನಿಂದ ಮಾಗಡಿ ಬಸ್ ಸ್ಟ್ಯಾಂಡ್ ತನಕ ಇದೇ ಮಾತು. ಹುಳ ನಾಲ್ಕನೇ ಜ್ವರದಲ್ಲಿದೆ, ನಾನು ಮಲಗಿಬಿಟ್ರೆ ಸೊಪ್ಪು ಹಾಕೋರ್ಯಾರು ಅಂತ ಕನಕಪುರದ ರೈತ ಕೇಳಿದ್ರೆ ಅರ್ಥ ಆಗುತ್ತೆ. ಆದ್ರೆ ರಜೆ ಲೆಕ್ಕ ಹಾಕಿ ಚಿಕಿತ್ಸೆ ಆರಿಸೋದನ್ನ ನಾನು ಒಪ್ಪಲ್ಲ. ನೀವೂ ಒಪ್ಪಬೇಡಿ.

ಸ್ಟೆಂಟ್ ಅಂದ್ರೆ ಹಳೇ ರೋಡಲ್ಲಿ ಇಕ್ಕಟ್ಟಾದ ಒಂದು ಜಾಗವನ್ನ ಅಗಲ ಮಾಡೋದು. ಅದೇ ರೋಡಲ್ಲಿ ಮುಂದೆ ಇನ್ನೊಂದು ಕಡೆ ಜಾಮ್ ಆದ್ರೆ ಅದು ಏನೂ ಮಾಡಲ್ಲ. ಬೈಪಾಸ್ ನಮಗೆ ಗೊತ್ತಿರೋದೇ. ಎಕ್ಸ್‌ಪ್ರೆಸ್‌ವೇ ರಾಮನಗರ, ಚನ್ನಪಟ್ಟಣದ ಒಳಗೆ ಬರದೆ ಹೊರಗಿಂದ ಹೋಗುತ್ತಲ್ಲ, ಹಾಗೆ. ಎದೆಯಿಂದ, ಕಾಲಿಂದ ರಕ್ತನಾಳ ತಗೊಂಡು ಬ್ಲಾಕ್ ದಾಟಿಸಿ ಜೋಡಿಸ್ತಾರೆ.

ಈಗ ನಿಮ್ಮ ಮನೆಯಲ್ಲಿ ಶುಗರ್ ಇರೋರನ್ನ ನೆನೆಸ್ಕೊಳ್ಳಿ. 2012ರಲ್ಲಿ ಬಂದ ಫ್ರೀಡಂ ಅನ್ನೋ ಅಧ್ಯಯನ ನೋಡಿದ್ದು ಇಂಥವರನ್ನೇ: ಶುಗರ್ ಇದ್ದು, ಒಂದಕ್ಕಿಂತ ಹೆಚ್ಚು ರಕ್ತನಾಳದಲ್ಲಿ ಬ್ಲಾಕ್ ಇದ್ದ 1,900 ಜನ. 5 ವರ್ಷದಲ್ಲಿ ಸಾವು, ಹಾರ್ಟ್ ಅಟ್ಯಾಕ್, ಸ್ಟ್ರೋಕ್ ಮೂರೂ ಸೇರಿ ಸ್ಟೆಂಟ್ ಗುಂಪಲ್ಲಿ ನೂರಕ್ಕೆ 26.6, ಬೈಪಾಸ್ ಗುಂಪಲ್ಲಿ 18.7. ಸ್ಟ್ರೋಕ್ ಮಾತ್ರ ಬೈಪಾಸ್‌ನಲ್ಲೇ ಜಾಸ್ತಿ (5.2, ಸ್ಟೆಂಟ್‌ನಲ್ಲಿ 2.4), ಅದನ್ನ ಮುಚ್ಚಿಡಲ್ಲ. ಆದ್ರೂ ಒಟ್ಟು ಸಾವು ಬೈಪಾಸ್‌ನಲ್ಲಿ ಕಮ್ಮಿ. "ಸಣ್ಣದು" ಅಂತ ನಾವು ಸಮಾಧಾನ ಮಾಡ್ಕೊಳ್ಳೋದು ಯಾರ ಆಯಸ್ಸಿನ ಮೇಲೆ, ಹೇಳಿ?

ಹಾಗಂತ "ಸ್ಟೆಂಟ್ ಎಲ್ಲಾ ದಂಧೆ ಗುರೂ" ಅನ್ನೋ ರೀಲ್ಸ್‌ಗೆ ಲೈಕ್ ಒತ್ತಬೇಡಿ. ಹಾರ್ಟ್ ಅಟ್ಯಾಕ್ ಆಗ್ತಾ ಇರೋವಾಗ ಮುಚ್ಚಿದ ರಕ್ತನಾಳವನ್ನ ಬೇಗ ತೆರೆಯೋದೇ ಜೀವ ಉಳಿಸೋದು, ಅಲ್ಲಿ ಸ್ಟೆಂಟ್ ದೊಡ್ಡ ವರ. ಗ್ಯಾಸ್ಟ್ರಿಕ್ ಅಂತ ಸೋಡಾ ಕುಡಿಸ್ತಾ ಕೂರೋದೇ ಅಲ್ಲಿ ತಪ್ಪು. ನಡೆದ್ರೆ ಎದೆ ಹಿಡಿಯೋದು, ನಿಂತ್ರೆ ಬಿಡೋದು ಬೇರೆ ಕಥೆ. ಅಂಥ 5,179 ಜನರ ಇಸ್ಕೀಮಿಯಾ ಅಧ್ಯಯನದಲ್ಲಿ, ಮೊದಲು ಮಾತ್ರೆ ಕೊಟ್ಟು ನೋಡಿದವರಿಗಿಂತ ಕೂಡಲೇ ಸ್ಟೆಂಟ್ ಅಥವಾ ಬೈಪಾಸ್ ಕಡೆ ಹೋದವರಲ್ಲಿ ಸಾವೇನೂ ಕಮ್ಮಿ ಆಗಲಿಲ್ಲ. ಎದೆನೋವು ಕಮ್ಮಿ ಆಯ್ತು, ಅದೂ ಲಾಭವೇ.

ಬಿಕಾಂ ಬುದ್ಧಿ, ದುಡ್ಡಿನ ಮಾತು ಬಿಡಕ್ಕಾಗಲ್ಲ. 2017ರ ಫೆಬ್ರವರಿಯಲ್ಲಿ ಸರ್ಕಾರ ಔಷಧ ಲೇಪಿತ ಸ್ಟೆಂಟ್‌ಗೆ 29,600 ರೂಪಾಯಿ, ಸಾದಾ ಸ್ಟೆಂಟ್‌ಗೆ 7,260 ಅಂತ ಮಿತಿ ಹಾಕ್ತು. ಆಮೇಲೆ ಸ್ವಲ್ಪ ಏರಿದೆ. ಆದ್ರೆ ಮಿತಿ ಇರೋದು ಸ್ಟೆಂಟ್‌ಗೆ, ಪೂರ್ತಿ ಬಿಲ್‌ಗೆ ಅಲ್ಲ. ಮೂರು ಸ್ಟೆಂಟ್ ಅಂದ್ರೆ ಮೂರರ ದುಡ್ಡು, ಮುಂದೆ ಮತ್ತೆ ಬ್ಲಾಕ್ ಆದ್ರೆ ಇನ್ನೊಂದು ಬಿಲ್. ಇದನ್ನ ಯಾರೂ ಕೂಡಿಸಿ ನೋಡಲ್ಲ.

ಆಂಜಿಯೋಗ್ರಾಂ ಟೇಬಲ್ ಮೇಲೆ ಅಪ್ಪ ಮಲಗಿರೋವಾಗ ಹೊರಗೆ ಪೇಪರ್ ಕೊಟ್ಟು "ಸೈನ್ ಮಾಡಿ" ಅಂದ್ರೆ, ಮನೆಯಲ್ಲಿ ಓದಿದವರು ಅಂತ ಎಲ್ಲರೂ ನಿಮ್ಮ ಮುಖಾನೇ ನೋಡ್ತಾರೆ. ಆಗ ಕೇಳಿ: ಸಾರ್, ಇದು ಈಗಲೇ ಆಗ್ಬೇಕಾದ ಎಮರ್ಜೆನ್ಸಿನಾ? ಎಷ್ಟು ರಕ್ತನಾಳದಲ್ಲಿ ಬ್ಲಾಕ್ ಇದೆ? ಎಡಗಡೆ ಮೇನ್ ನಾಳದಲ್ಲಿ ಇದೆಯಾ? ಶುಗರ್ ಇದೆ, ಸರ್ಜನ್ ಒಬ್ರು ನೋಡಿದ್ರಾ? ಎಮರ್ಜೆನ್ಸಿ ಅಂದ್ರೆ ತಡ ಮಾಡದೆ ಸೈನ್ ಮಾಡಿ. ಅಲ್ಲ ಅಂದ್ರೆ ಆಂಜಿಯೋ ಸಿಡಿ ಇಸ್ಕೊಂಡು ಬೆಂಗಳೂರಿನ ಜಯದೇವಕ್ಕೆ ಹೋಗಿ ಇನ್ನೊಂದು ಅಭಿಪ್ರಾಯ ತಗೊಳ್ಳಿ, ಅಲ್ಲಿ ಸ್ಟೆಂಟ್ ಹಾಕೋರೂ ಬೈಪಾಸ್ ಮಾಡೋರೂ ಇಬ್ರೂ ಇದ್ದಾರೆ. ಅಲ್ಲಿ ವರ್ಷಗಟ್ಟಲೆ ನಿರ್ದೇಶಕರಾಗಿದ್ದ ಡಾ. ಸಿ.ಎನ್. ಮಂಜುನಾಥ್ ಅವರನ್ನೇ 2024ರಲ್ಲಿ ಎಂಪಿ ಮಾಡಿ ಕಳಿಸಿದ ಕ್ಷೇತ್ರ ನಮ್ಮದು. ನಾವೇ ಕೇಳಲಿಲ್ಲ ಅಂದ್ರೆ ಹೆಂಗೆ?

ಭಾಗ 4: ಸ್ಟೆಂಟ್ ಆದ್ಮೇಲೆ ಡಾಕ್ಟ್ರನ್ನ ಕೇಳದೆ ಮಾತ್ರೆ ನಿಲ್ಲಿಸೋರ ಬಗ್ಗೆ.

#ರಾಮನಗರ #ಚನ್ನಪಟ್ಟಣ #ಕನಕಪುರ #ಮಾಗಡಿ