ಮನೆಗಿಂತ ಮೊದಲು ಹಕ್ಕುಪತ್ರ

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು. ಹಾವೇರಿ ಜಿಲ್ಲೆಯ ಈ ತಾಲ್ಲೂಕುಗಳು ಕರಾವಳಿಯ ನಮಗೆ ನೆನಪಾಗುವುದು ಹೆಚ್ಚಾಗಿ ನೆರೆ ಬಂದಾಗ. 2019ರ ಆಗಸ್ಟ್‌ನಲ್ಲಿ ವರದಾ ನದಿ ಉಕ್ಕಿ ಹರಿದು ಮಣ್ಣಿನ ಗೋಡೆಯ ಮನೆಗಳು ಕುಸಿದವು. ಪೂರ್ತಿ ಬಿದ್ದ ಮನೆಗೆ ಸರಕಾರ 5 ಲಕ್ಷ ರೂಪಾಯಿ ಘೋಷಿಸಿತು. ಆದರೆ ಮನೆಯ ಪ್ರಶ್ನೆ ಗೋಡೆಯಿಂದ ಆರಂಭವಾಗುವುದಿಲ್ಲ, ನೆಲದಿಂದ ಆರಂಭವಾಗುತ್ತದೆ.

ಇದನ್ನು ದೇಶಕ್ಕೆ ತೋರಿಸಿದ್ದು ಸವಣೂರು. ತಲೆಮಾರುಗಳಿಂದ ಊರಿನ ಮಲ ಹೊತ್ತ ಭಂಗಿ ಸಮುದಾಯದ ಬೆರಳೆಣಿಕೆಯ ಕುಟುಂಬಗಳನ್ನು ವಾಸದ ಜಾಗದಿಂದ ಎಬ್ಬಿಸುವ ಪ್ರಯತ್ನ ನಡೆದಾಗ, 2010ರ ಜುಲೈಯಲ್ಲಿ ಅವರು ಪುರಸಭೆಯ ಎದುರು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದರು. ಎಷ್ಟು ವರ್ಷ ಬಾಳಿದರೂ ಆ ನೆಲ ಅವರದೆನ್ನಲು ಕಾಗದವಿರಲಿಲ್ಲ. ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆ ಪುನರ್ವಸತಿಯ ಭಾಗವಾಗಿ ನಿವೇಶನ ಮತ್ತು ಮನೆಯನ್ನೂ ಹೆಸರಿಸಿತು.

ಇಂಥವರು ನಮ್ಮ ಲೆಕ್ಕಗಳಲ್ಲಿ ಕಾಣುವುದಿಲ್ಲ. 2011ರ ಜನಗಣತಿ ದೇಶದಲ್ಲಿ ಸುಮಾರು 17.7 ಲಕ್ಷ ವಸತಿಹೀನರನ್ನು ಗುರುತಿಸಿತು. ಎಣಿಸಿದ್ದು ಬೀದಿಬದಿ, ಸೇತುವೆಯಡಿ, ರೈಲು ನಿಲ್ದಾಣಗಳಲ್ಲಿ ಮಲಗುವವರನ್ನು. ನಾಳೆ ಎಬ್ಬಿಸಬಹುದಾದ ಗುಡಿಸಲಿನಲ್ಲಿ ಇಂದು ಮಲಗಿದವನು ಆ ಲೆಕ್ಕದಲ್ಲಿ ಮನೆಯುಳ್ಳವನೇ. ಅದೇ ಮನುಷ್ಯ ವಸತಿ ಯೋಜನೆಗೆ ಅರ್ಜಿ ಹಾಕಲು ಹೋದರೆ ಮೊದಲು ಕೇಳುವುದು ಜಾಗದ ದಾಖಲೆ. ನೆಲವಿಲ್ಲದ ಬಡವನಿಗೇ ಮನೆ ದೂರ!

ಕಾನೂನಿನಲ್ಲಿ ದಾರಿಗಳಿವೆ. ಕರ್ನಾಟಕ ಭೂಕಂದಾಯ ಕಾಯ್ದೆಯ 94ಸಿ ಕಲಮು ಹಳ್ಳಿಗಳಲ್ಲಿ, 94ಸಿಸಿ ಪಟ್ಟಣಗಳಲ್ಲಿ, ಸರಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡವರ ವಾಸವನ್ನು ಷರತ್ತಿನ ಮೇಲೆ ಸಕ್ರಮಗೊಳಿಸುತ್ತವೆ. 94ಡಿ ಕಲಮು ದಾಖಲೆಯಿಲ್ಲದ ತಾಂಡಾ, ಹಟ್ಟಿ, ಹಾಡಿಗಳ ನಿವಾಸಿಗಳಿಗೆ ಸಂಬಂಧಿಸಿದ್ದು. 2025ರ ಮೇ ತಿಂಗಳಲ್ಲಿ ಹೊಸಪೇಟೆಯಲ್ಲಿ ರಾಜ್ಯ ಸರಕಾರ 1,11,111 ಹಕ್ಕುಪತ್ರ ವಿತರಣೆಯ ಸಮಾವೇಶ ನಡೆಸಿತು. ಒಂದೇ ಬಾರಿಗೆ ಇಷ್ಟು ಪತ್ರ ಕೊಡಬೇಕಾಯಿತೆಂಬುದು ಸಾಧನೆಯೂ ಹೌದು, ಬಾಕಿಯ ಒಪ್ಪಿಗೆಯೂ ಹೌದು.

ಈ ವಿಷಯ ನಮಗೆ ದೂರದ್ದಲ್ಲ. ನಮ್ಮ ಮನೆಗಳನ್ನೂ ಸಭಾಭವನಗಳನ್ನೂ ಕಟ್ಟುವ ಉತ್ತರ ಕರ್ನಾಟಕದ ಅನೇಕ ಕೂಲಿ ಕುಟುಂಬಗಳು ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿ ವಾಸಿಸುತ್ತವೆ. ಅವರಿಗೆ ಕಂಬಳಿ, ಅಕ್ಕಿ ಕೊಡುವುದರಲ್ಲಿ ನಾವು ಹಿಂದೆ ಬಿದ್ದಿಲ್ಲ. ಇನ್ನು ಮುಂದೆ ನಮ್ಮ ಸಮಾಜಸೇವಾ ಕಾರ್ಯಕರ್ತರು ಒಂದು ಪ್ರಶ್ನೆಯನ್ನೂ ಕೇಳಲಿ: ಊರಿನಲ್ಲಿರುವ ಮನೆಯ ಜಾಗ ಯಾರ ಹೆಸರಿನಲ್ಲಿದೆ? ಉತ್ತರ ಸಿಗದಿದ್ದರೆ ಅರ್ಜಿ ಬರೆದುಕೊಟ್ಟು, ಅದು ತಹಸೀಲ್ದಾರರ ಕಚೇರಿ ತಲುಪುವವರೆಗೆ ಜೊತೆಗಿರೋಣ.