‘ಸ್ಟಾಕೇ ಇಲ್ಲದ ಕಾರ್ಖಾನೆ’: ಹಾಗಾದರೆ ಸರಕು ಎಲ್ಲಿರುತ್ತದೆ?

“ಜಪಾನಿನ ಕಾರು ಕಾರ್ಖಾನೆಗಳಲ್ಲಿ ಗೋದಾಮೇ ಇಲ್ಲ. ಬೇಕಾದ ಬಿಡಿಭಾಗ ಬೇಕಾದ ಹೊತ್ತಿಗೆ ಬಂದು ಬೀಳುತ್ತದೆ. ನಮ್ಮವರು ಯಾವಾಗ ಕಲಿಯುತ್ತಾರೋ!” ಈ ಧಾಟಿಯ ಮಾತು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿರುತ್ತದೆ. ಇದರಲ್ಲಿ ಇರುವುದು ಅರ್ಧ ಸತ್ಯ. ಉಳಿದರ್ಧ ತಿಳಿಯದೆ ಇದನ್ನು ಪಾಲಿಸಿದರೆ ದೊಡ್ಡ ಕಾರ್ಖಾನೆಯ ಹೊರೆ ಸಣ್ಣ ವರ್ಕ್‌ಶಾಪಿನ ಹೆಗಲಿಗೆ ಹೋಗಿ ಕೂರುತ್ತದೆ.

ಸಪ್ಲೈಯರೇ ನೋಡಿಕೊಳ್ಳುವ ಸ್ಟಾಕ್

ನಮ್ಮ ಬೀದಿಯ ಅಂಗಡಿಗೆ ಬೆಳಿಗ್ಗೆ ಬ್ರೆಡ್ ಹಾಕುವವರನ್ನು ನೋಡಿರುತ್ತೀರಿ. ಅಂಗಡಿಯವರು ಆರ್ಡರ್ ಕೊಡುವುದಿಲ್ಲ. ಬಂದವರೇ ಎಷ್ಟು ಖಾಲಿಯಾಗಿದೆ ಎಂದು ನೋಡಿ ತುಂಬಿಸುತ್ತಾರೆ, ಹಳಸಿದ್ದನ್ನು ವಾಪಸ್ ಒಯ್ಯುತ್ತಾರೆ. ಕಾರ್ಖಾನೆಗಳಲ್ಲಿ ಇದೇ ಪದ್ಧತಿಗೆ ವೆಂಡರ್ ಮ್ಯಾನೇಜ್ಡ್ ಇನ್ವೆಂಟರಿ, ಚಿಕ್ಕದಾಗಿ ವಿಎಂಐ ಎನ್ನುತ್ತಾರೆ. ಕನಿಷ್ಠ ಇಷ್ಟು, ಗರಿಷ್ಠ ಇಷ್ಟು ಎಂದು ಎರಡು ಗಡಿ ಗುರುತಿಸಲಾಗುತ್ತದೆ. ದಿನದ ಬಳಕೆಯ ಲೆಕ್ಕ ನೋಡಿ ಸಪ್ಲೈಯರ್ ಆ ಗಡಿಗಳ ನಡುವೆ ಸ್ಟಾಕ್ ಕಾಯ್ದುಕೊಳ್ಳುತ್ತಾರೆ. ಅನೇಕ ಒಪ್ಪಂದಗಳಲ್ಲಿ ಕಾರ್ಖಾನೆ ಭಾಗವನ್ನು ಬಳಕೆಗೆ ಎತ್ತಿಕೊಳ್ಳುವವರೆಗೆ ಅದರ ಮಾಲೀಕರು ಸಪ್ಲೈಯರೇ.

ಟೊಯೋಟಾ ಮಾಡಿದ್ದೇನು?

ತೈಇಚಿ ಓನೊ ಟೊಯೋಟಾದಲ್ಲಿ ‘ಬೇಕಾದಾಗ, ಬೇಕಾದಷ್ಟೇ’ ಎಂಬ ಪದ್ಧತಿ ಬೆಳೆಸಿದರು. ಅಮೆರಿಕದ ಸೂಪರ್‌ಮಾರ್ಕೆಟ್‌ಗಳಲ್ಲಿ ಖಾಲಿಯಾದಷ್ಟನ್ನೇ ಮತ್ತೆ ತುಂಬಿಸುವ ಕ್ರಮ ಅವರಿಗೆ ಸ್ಫೂರ್ತಿ. ಭಾಗ ಬಳಕೆಯಾದಾಗ ‘ಕಾನ್‌ಬಾನ್’ ಎಂಬ ಚೀಟಿ ಹಿಂದಕ್ಕೆ ಹೋಗಿ, ಅಷ್ಟನ್ನೇ ಮತ್ತೆ ತರಿಸುತ್ತದೆ. ಹಾಲಿನ ಗಾಡಿ ಊರೂರಿನ ಡೇರಿಯಿಂದ ಕ್ಯಾನು ಎತ್ತಿಕೊಂಡು ಬರುವಂತೆ ಒಂದೇ ಲಾರಿ ಹಲವು ಸಪ್ಲೈಯರ್‌ಗಳ ಬಳಿ ಸುತ್ತಿ ಸ್ವಲ್ಪ ಸ್ವಲ್ಪ ಸರಕು ತರುತ್ತದೆ. ಇದಕ್ಕೆ ‘ಮಿಲ್ಕ್ ರನ್’ ಎಂದೇ ಹೆಸರು.

ಫಾರ್ವರ್ಡ್‌ಗಳಲ್ಲಿ ಬಿಟ್ಟುಹೋಗುವ ಸಂಗತಿ ಒಂದಿದೆ. ಟೊಯೋಟಾ ತನ್ನ ಉತ್ಪಾದನೆಯನ್ನು ದಿನದಿಂದ ದಿನಕ್ಕೆ ಏರುಪೇರಾಗದಂತೆ ಸಮನಾಗಿ ಹಂಚುತ್ತದೆ. ನಾಳೆ ಎಷ್ಟು ಬೇಕು ಎಂಬುದು ಸಪ್ಲೈಯರ್‌ಗೆ ಮೊದಲೇ ಗೊತ್ತಿದ್ದರೆ ಅವರೂ ಹೆಚ್ಚು ಕೂಡಿಡಬೇಕಿಲ್ಲ.

ಸ್ಟಾಕ್ ತೀರಾ ಇಳಿದರೆ?

1997ರ ಫೆಬ್ರವರಿ 1ರಂದು ಜಪಾನಿನ ಕರಿಯಾದಲ್ಲಿ ಐಸಿನ್ ಕಂಪನಿಯ ಘಟಕಕ್ಕೆ ಬೆಂಕಿ ಬಿತ್ತು. ಬ್ರೇಕಿನ ಒತ್ತಡ ಹೊಂದಿಸುವ ಪುಟ್ಟ ವಾಲ್ವ್ ಒಂದನ್ನು ಟೊಯೋಟಾಗೆ ಬಹುಪಾಲು ಪೂರೈಸುತ್ತಿದ್ದುದು ಆ ಘಟಕವೇ. ಕೈಯಲ್ಲಿದ್ದ ದಾಸ್ತಾನು ಬೇಗನೆ ಮುಗಿದು, ಜಪಾನಿನ ಟೊಯೋಟಾ ಕಾರ್ಖಾನೆಗಳು ಒಂದರ ಹಿಂದೊಂದು ನಿಂತವು. ಹತ್ತಾರು ಇತರ ಕಂಪನಿಗಳು ತರಾತುರಿಯಲ್ಲಿ ಆ ವಾಲ್ವ್ ಮಾಡಿಕೊಟ್ಟಿದ್ದರಿಂದ ಕೆಲವೇ ದಿನಗಳಲ್ಲಿ ಕೆಲಸ ಮತ್ತೆ ಶುರುವಾಯಿತು.

2011ರ ಭೂಕಂಪ, ಸುನಾಮಿಯ ನಂತರ ಟೊಯೋಟಾ ತನ್ನ ಸಪ್ಲೈಯರ್‌ಗಳಿಗೆ ತಿಂಗಳುಗಟ್ಟಲೆಗೆ ಸಾಲುವ ಚಿಪ್ ಇಟ್ಟುಕೊಳ್ಳಲು ಹೇಳಿತು. 2021ರ ಚಿಪ್ ಬರದ ಮೊದಲ ತಿಂಗಳುಗಳಲ್ಲಿ ಬೇರೆ ಕಾರು ಕಂಪನಿಗಳಿಗಿಂತ ಅದು ಗಟ್ಟಿಯಾಗಿ ನಿಂತದ್ದಕ್ಕೆ ಇದೂ ಒಂದು ಕಾರಣ. ಆ ವರ್ಷದ ಸೆಪ್ಟೆಂಬರಿನಲ್ಲಿ ಮಾತ್ರ ಅದೂ ಉತ್ಪಾದನೆ ಕಡಿತ ಮಾಡಬೇಕಾಯಿತು. ಅಂದರೆ ಸ್ಟಾಕ್ ಕಡಿಮೆ ಇಡುವುದರಲ್ಲಿ ಹೆಸರಾದ ಕಂಪನಿಯೂ ಎಲ್ಲ ಭಾಗಕ್ಕೂ ಒಂದೇ ಅಳತೆ ಹಿಡಿಯುವುದಿಲ್ಲ.

ಖರ್ಚು ಯಾರ ಹೆಗಲಿಗೆ?

ಒಂದು ಸರಳ ಲೆಕ್ಕ ಹಾಕೋಣ. ಬೆಂಗಳೂರಿನ ಪೀಣ್ಯದಲ್ಲಿ ಒಂದು ವರ್ಕ್‌ಶಾಪ್ ಇದೆ ಎಂದುಕೊಳ್ಳಿ. 100 ರೂಪಾಯಿಯ ಒಂದು ಭಾಗ, ದಿನಕ್ಕೆ 500 ಬೇಕು. ತಿಂಗಳಿಗೆ 25 ಕೆಲಸದ ದಿನ. ಕಾರ್ಖಾನೆ “20 ದಿನದ ಸ್ಟಾಕ್ ನೀವೇ ಇಡಿ” ಎಂದರೆ 10,000 ಭಾಗ, 10 ಲಕ್ಷ ರೂಪಾಯಿ. ವರ್ಷಕ್ಕೆ ಶೇ 12ರ ಬಡ್ಡಿಯಲ್ಲಿ ಸಾಲ ತಂದಿದ್ದರೆ ತಿಂಗಳಿಗೆ 10,000 ರೂಪಾಯಿ ಬಡ್ಡಿ. ಪ್ರತಿ ಭಾಗದ ಮೇಲೆ 80 ಪೈಸೆ ಬಿತ್ತು. ಸಣ್ಣ ಲಾಭದಲ್ಲಿ ನಡೆಯುವವರಿಗೆ ಇದು ಸಣ್ಣ ಮೊತ್ತವಲ್ಲ. ಕಾರ್ಖಾನೆಯ ಪುಸ್ತಕದಲ್ಲಿ ಸ್ಟಾಕ್ ಸೊನ್ನೆ. ಸರಕು ಇದೆ, ಬಡ್ಡಿಯೂ ಇದೆ, ಕಟ್ಟುವವರು ಮಾತ್ರ ಬೇರೆ. ಕೊನೆಗೆ ಇದು ಭಾಗದ ಬೆಲೆಯಲ್ಲೋ ಗುಣಮಟ್ಟದಲ್ಲೋ ಕಾಣಿಸಿಕೊಳ್ಳುತ್ತದೆ.

ಅದೇ ಕಾರ್ಖಾನೆ ಮುಂದಿನ ವಾರಗಳ ಯೋಜನೆ ಮತ್ತು ದಿನದ ಬಳಕೆಯನ್ನು ನಿಯಮಿತವಾಗಿ ತಿಳಿಸಿದರೆ? ದಿಢೀರ್ ಆರ್ಡರಿನ ಭಯ ಕಡಿಮೆಯಾಗಿ 8 ದಿನದ ಸ್ಟಾಕ್ ಸಾಕಾಯಿತು ಎನ್ನೋಣ. ಆಗ ಬಡ್ಡಿ 4,000 ರೂಪಾಯಿಗೆ, ಪ್ರತಿ ಭಾಗಕ್ಕೆ 32 ಪೈಸೆಗೆ ಇಳಿಯುತ್ತದೆ. ಇದು ನಿಜವಾದ ಉಳಿತಾಯ. ಹಿಂದೆ ಕೂಡಿಟ್ಟ ಸರಕಿನ ಬಹುಪಾಲು ‘ಏನಾಗುತ್ತದೋ’ ಎಂಬ ಭಯದ್ದೇ ಆಗಿತ್ತು.

ಕಾನೂನು ಏನು ಹೇಳುತ್ತದೆ?

2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ, ಅತಿಸಣ್ಣ ಮತ್ತು ಸಣ್ಣ ಉದ್ಯಮಗಳ ಹಣವನ್ನು ಸರಕು ಒಪ್ಪಿಕೊಂಡ 45 ದಿನಗಳೊಳಗೆ ಕೊಡಬೇಕು. ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನ. ತಡವಾದರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2023-24ರ ಹಣಕಾಸು ವರ್ಷದಿಂದ ಆದಾಯ ತೆರಿಗೆ ನಿಯಮವೂ ಬಿಗಿಯಾಗಿದೆ: ಗಡುವು ಮೀರಿ ಉಳಿಸಿಕೊಂಡ ಬಾಕಿಯನ್ನು, ಪಾವತಿಸಿದ ವರ್ಷದಲ್ಲಷ್ಟೇ ಖರ್ಚೆಂದು ತೋರಿಸಬಹುದು.

ವಿಎಂಐನಲ್ಲಿ ತೊಡಕು ಇರುವುದು ಇಲ್ಲೇ. “ಎತ್ತಿಕೊಂಡ ದಿನವೇ ಬಿಲ್” ಎಂದು ಬರೆದಿದ್ದರೆ, ಅದಕ್ಕೂ ಮೊದಲು ಸರಕು ಕಾದು ಕುಳಿತ ದಿನಗಳು ಯಾರ ಲೆಕ್ಕಕ್ಕೂ ಬರುವುದಿಲ್ಲ. ಹಾಗಾಗಿ ಸಹಿ ಹಾಕುವ ಮೊದಲು ಸಪ್ಲೈಯರ್‌ಗಳು ಇಷ್ಟನ್ನು ಕೇಳಿ ಬರೆಸಿಕೊಳ್ಳುವುದು ಒಳ್ಳೆಯದು:

- ಗರಿಷ್ಠ ಎಷ್ಟು ದಿನದ ಸ್ಟಾಕ್? ಅದರೊಳಗೆ ಬಳಸದಿದ್ದರೆ ಕಾರ್ಖಾನೆ ಕೊಳ್ಳುತ್ತದೆಯೇ?
- ಹಣದ ಗಡುವು ಯಾವ ದಿನದಿಂದ ಶುರು?
- ಡಿಸೈನ್ ಬದಲಾದರೆ ಉಳಿದ ಭಾಗಗಳಿಗೆ ಯಾರು ಹೊಣೆ?
- ತುಕ್ಕು, ಕಳವು, ಬೆಂಕಿಯ ವಿಮೆ ಯಾರದು?
- ದಿನದ ಬಳಕೆಯ ಲೆಕ್ಕ ನಮಗೆ ಕಾಣುತ್ತದೆಯೇ?

ಮುಂದಿನ ಸಲ ‘ಗೋದಾಮೇ ಇಲ್ಲದ ಕಾರ್ಖಾನೆ’ಯ ಸಂದೇಶ ಬಂದರೆ, ಕಳಿಸಿದವರಿಗೆ ಒಂದೇ ಪ್ರಶ್ನೆ ಕೇಳಿ: ಆ ಸರಕು ಈಗ ಯಾರ ಗೋದಾಮಿನಲ್ಲಿದೆ, ಅದರ ಬಡ್ಡಿ ಯಾರು ಕಟ್ಟುತ್ತಿದ್ದಾರೆ?