ಹಳೆಯ ಕಾರಿನ ಎಂಜಿನ್: ಅಂಕಿಗಳನ್ನು ಓದುವ ಬಗೆ, ಬರೆದುಕೊಡುವ ಹೊಣೆ

ಬೈಲಹೊಂಗಲ, ಕಿತ್ತೂರು, ಸವದತ್ತಿ ಹಾಗೂ ರಾಮದುರ್ಗ ತಾಲ್ಲೂಕುಗಳಲ್ಲಿ ನಾಲ್ಕು ಚಕ್ರದ ವಾಹನವು ಇಂದು ಕೇವಲ ಅನುಕೂಲಸ್ಥರ ಸೊತ್ತಾಗಿ ಉಳಿದಿಲ್ಲ. ಕಬ್ಬಿನ ಬಿಲ್ಲು ಕೈಸೇರಿದ ರೈತ, ಸೀರೆಯ ಗಂಟುಗಳನ್ನು ಪೇಟೆಗೆ ಸಾಗಿಸಬೇಕಾದ ನೇಕಾರ, ಹುಣ್ಣಿಮೆಯ ಜಾತ್ರೆಗಳಲ್ಲಿ ಯಲ್ಲಮ್ಮನ ಗುಡ್ಡಕ್ಕೆ ಭಕ್ತರನ್ನು ಕರೆದೊಯ್ದು ಕಂತು ಕಟ್ಟುವ ಬಾಡಿಗೆ ವಾಹನದ ಚಾಲಕ, ಇವರಲ್ಲಿ ಅನೇಕರು ಮೊದಲು ಕೊಳ್ಳುವುದು ಇನ್ನೊಬ್ಬರು ಬಳಸಿದ ವಾಹನವನ್ನೇ. ಮಾರಾಟಗಾರರು, ಗ್ಯಾರೇಜಿನವರು, ಬಿಡಿಭಾಗಗಳ ಅಂಗಡಿಯವರು, ಸಾಲ ನೀಡುವ ಸಂಸ್ಥೆಗಳು ಎಲ್ಲರೂ ಈ ವ್ಯವಹಾರವನ್ನು ಅವಲಂಬಿಸಿದ್ದಾರೆ. ಆದರೂ ಇಷ್ಟು ದೊಡ್ಡ ಮೊತ್ತದ ವ್ಯಾಪಾರವು ಬಹುಪಾಲು ‘ಗಾಡಿ ಕಂಡೀಷನ್ ಐತ್ರಿ’ ಎಂಬ ಬಾಯಿಮಾತಿನ ಮೇಲೆಯೇ ನಿಂತಿರುವುದು ವಿಚಾರ ಮಾಡಬೇಕಾದ ಸಂಗತಿ.

ಬಾಯಿಮಾತಿನ ಜೊತೆಗೆ ಗ್ರಾಹಕನ ಕೈಗೆ ಸಿಗುವ ಕಾಗದವೆಂದರೆ ವಾಯುಮಾಲಿನ್ಯ ತಪಾಸಣೆಯ ಪಿಯುಸಿ ಪ್ರಮಾಣಪತ್ರ. ಅದನ್ನೇ ಎಂಜಿನ್ನಿನ ಆರೋಗ್ಯಪತ್ರವೆಂದು ಭಾವಿಸುವವರು ಅನೇಕರಿದ್ದಾರೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 115ನೇ ನಿಯಮದಂತೆ ನೀಡಲಾಗುವ ಈ ಪತ್ರವು ವಾಹನದ ಹೊಗೆ ನಿಗದಿತ ಮಿತಿಯೊಳಗಿದೆ ಎಂದಷ್ಟೇ ಹೇಳುತ್ತದೆ. ಭಾರತ್ ಸ್ಟೇಜ್ 2 ಮತ್ತು 3ರ ಪೆಟ್ರೋಲ್ ಕಾರುಗಳಿಗೆ ಐಡ್ಲಿಂಗ್‌ನಲ್ಲಿ ಕಾರ್ಬನ್ ಮೊನಾಕ್ಸೈಡ್ ಶೇ. 0.5, ಹೈಡ್ರೋಕಾರ್ಬನ್ 750 ಪಿಪಿಎಂ ಮಿತಿಯಾದರೆ, ಸ್ಟೇಜ್ 4ರ ಕಾರುಗಳಿಗೆ ಇದು ಶೇ. 0.3 ಮತ್ತು 200 ಪಿಪಿಎಂ. ಡೀಸೆಲ್ ವಾಹನಗಳ ಹೊಗೆಯ ದಟ್ಟಣೆಗೆ ಹಾರ್ಟ್‌ರಿಜ್ ಮಾನದಲ್ಲಿ ಹಳೆಯವಕ್ಕೆ 65, ಸ್ಟೇಜ್ 4ಕ್ಕೆ 50 ಮಿತಿ. ಸೈಲೆನ್ಸರಿನ ಮಾರ್ಗದಲ್ಲಿರುವ ಕೆಟಲಿಟಿಕ್ ಕನ್ವರ್ಟರ್ ಸುಸ್ಥಿತಿಯಲ್ಲಿದ್ದರೆ ಸವೆದ ಎಂಜಿನ್ನಿನ ಹೊಗೆಯನ್ನೂ ಅದು ಸಾಕಷ್ಟು ಶುದ್ಧಗೊಳಿಸಬಲ್ಲದು. ತದ್ವಿರುದ್ಧವಾಗಿ, ಗಟ್ಟಿಮುಟ್ಟಾದ ಎಂಜಿನ್ ಕೂಡ ಆಕ್ಸಿಜನ್ ಸೆನ್ಸರ್ ಕೆಟ್ಟಿರುವ ಕಾರಣದಿಂದ, ಅಥವಾ ಬಿಸಿಯಾಗುವ ಮೊದಲೇ ಪರೀಕ್ಷೆಗೆ ನಿಲ್ಲಿಸಿದ ಕಾರಣದಿಂದ ಅನುತ್ತೀರ್ಣವಾಗಬಹುದು. ಆದುದರಿಂದ ‘ಪಾಸ್’ ಎಂಬ ಪದಕ್ಕಿಂತ ಪತ್ರದಲ್ಲಿ ಮುದ್ರಿತವಾಗಿರುವ ಅಂಕಿಗಳು ಹೆಚ್ಚು ಬೆಲೆಯುಳ್ಳವು.

ಎರಡನೆಯದು ಕಂಪ್ರೆಶನ್ ಪರೀಕ್ಷೆ. ಪಿಸ್ಟನ್ ಮೇಲೇರುವಾಗ ಸಿಲಿಂಡರಿನೊಳಗೆ ಎಷ್ಟು ಒತ್ತಡ ಹುಟ್ಟುತ್ತದೆ ಎಂಬುದನ್ನು ಗೇಜಿನಿಂದ ಅಳೆಯುವ ವಿಧಾನವಿದು. ಎಂಜಿನ್ ಬಿಸಿಯಾಗಿರಬೇಕು, ಪ್ಲಗ್ಗುಗಳನ್ನೆಲ್ಲ ಬಿಚ್ಚಿರಬೇಕು, ಇಂಧನ ಹಾಗೂ ಕಿಡಿಯ ಸಂಪರ್ಕ ತಪ್ಪಿಸಿರಬೇಕು, ಆಕ್ಸಿಲರೇಟರನ್ನು ಪೂರ್ತಿ ಒತ್ತಿರಬೇಕು, ಬ್ಯಾಟರಿ ತುಂಬಿರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಅಂಕಿ ದಾರಿ ತಪ್ಪಿಸುತ್ತದೆ. ಪೆಟ್ರೋಲ್ ಎಂಜಿನ್ನುಗಳಲ್ಲಿ ಸಾಮಾನ್ಯವಾಗಿ ಚದರಂಗುಲಕ್ಕೆ 150ರಿಂದ 200 ಪೌಂಡ್, ಡೀಸೆಲ್‌ನಲ್ಲಿ 350ರಿಂದ 450 ಪೌಂಡ್ ಒತ್ತಡ ಕಂಡುಬರುತ್ತದೆ. ಆಯಾ ಮಾದರಿಯ ನಿಖರ ಮಿತಿಯನ್ನು ತಯಾರಕರ ಕೈಪಿಡಿಯಿಂದಲೇ ತಿಳಿಯಬೇಕು. ಒಂದೊಂದು ಸಿಲಿಂಡರಿನ ಅಂಕಿಯಷ್ಟೇ ಮುಖ್ಯವಾದುದು ಅವುಗಳ ನಡುವಿನ ಅಂತರ. ಅದು ಶೇ. 10ರಿಂದ 15ನ್ನು ಮೀರಿದರೆ ಕಾರಣ ಹುಡುಕಲೇಬೇಕು.

ಉದಾಹರಣೆಗೆ, ಒಂದು ಕಾರಿನ ನಾಲ್ಕು ಸಿಲಿಂಡರುಗಳು ಕ್ರಮವಾಗಿ 172, 168, 118, 170 ಎಂದು ತೋರಿಸಿದವೆನ್ನೋಣ. ಮೂರನೆಯದರಲ್ಲಿ ದೋಷವಿದೆ ಎಂಬುದು ಸ್ಪಷ್ಟ. ಪ್ಲಗ್ಗಿನ ರಂಧ್ರದಿಂದ ಒಂದು ಚಮಚ ಆಯಿಲ್ ಬಿಟ್ಟು ಪುನಃ ಅಳೆದಾಗ ಅದು 150ಕ್ಕೆ ಏರಿದರೆ ರಿಂಗ್ ಅಥವಾ ಬೋರ್ ಸವೆದಿದೆ ಎಂದರ್ಥ. 122ರಲ್ಲೇ ನಿಂತರೆ ದೋಷ ವಾಲ್ವಿನಲ್ಲಿ ಅಥವಾ ಹೆಡ್ ಗ್ಯಾಸ್ಕೆಟ್‌ನಲ್ಲಿರುವ ಸಂಭವ ಹೆಚ್ಚು. ಅಕ್ಕಪಕ್ಕದ ಎರಡು ಸಿಲಿಂಡರುಗಳು ಒಟ್ಟಿಗೇ ಕುಸಿದಿದ್ದರೆ ಗ್ಯಾಸ್ಕೆಟ್‌ನತ್ತ ಮೊದಲು ನೋಡಬೇಕು. ಕೈಪಿಡಿಗಿಂತ ಹೆಚ್ಚಿನ ಅಂಕಿಯೂ ಶುಭಸೂಚನೆಯಾಗದು. ಒಳಗೆ ಮಸಿ ಗಟ್ಟಿಯಾಗಿ ಕೂತಾಗಲೂ ಒತ್ತಡ ಏರುತ್ತದೆ. ಆಯಿಲ್ ಬಿಡುವ ಈ ಕ್ರಮವನ್ನು ಡೀಸೆಲ್ ಎಂಜಿನ್ನಿನಲ್ಲಿ ಮಾತ್ರ ಅನುಸರಿಸಬಾರದು; ಅಲ್ಲಿ ಅದು ಅಪಾಯಕಾರಿ.

ಇವೆರಡು ಪರೀಕ್ಷೆಗಳನ್ನು ಜೊತೆಗಿಟ್ಟು ಓದಿದಾಗಲೇ ನಿಜಸ್ಥಿತಿ ತಿಳಿಯುವುದು. ಕಂಪ್ರೆಶನ್ ಸಮನಾಗಿದ್ದು ಕಾರ್ಬನ್ ಮೊನಾಕ್ಸೈಡ್ ಮಾತ್ರ ಹೆಚ್ಚಿದ್ದರೆ ಎಂಜಿನ್ನಿಗೆ ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ ಹೋಗುತ್ತಿದೆ. ಸಣ್ಣ ವೆಚ್ಚದಲ್ಲಿ ಸರಿಪಡಿಸಬಹುದಾದ ದೋಷವದು. ಕಂಪ್ರೆಶನ್ ಸರಿಯಿದ್ದು ಹೈಡ್ರೋಕಾರ್ಬನ್ ಏರಿದ್ದರೆ ಇಂಧನ ಉರಿಯದೇ ಹೊರಹೋಗುತ್ತಿದೆ. ಪ್ಲಗ್, ಕಾಯಿಲ್‌ಗಳನ್ನು ಮೊದಲು ನೋಡಬೇಕು. ಒಂದೇ ಸಿಲಿಂಡರ್ ಕುಸಿದು ಹೈಡ್ರೋಕಾರ್ಬನ್ ಕೂಡ ಏರಿದ್ದರೆ ವಾಲ್ವ್ ಸುಟ್ಟಿರುವ ಶಂಕೆ ಬಲವಾಗುತ್ತದೆ. ಎಲ್ಲ ಸಿಲಿಂಡರುಗಳೂ ತಗ್ಗಿದ್ದು, ಆಯಿಲ್ ಬಿಟ್ಟಾಗ ಏರಿ, ನೀಲಿ ಹೊಗೆಯೂ ಕಂಡರೆ ಎಂಜಿನ್ ಬಿಚ್ಚುವ ದಿನ ದೂರವಿಲ್ಲ. ಮೊದಲ ಎರಡು ಸಂದರ್ಭಗಳಲ್ಲಿ ಬೆಲೆಯನ್ನು ತೀರಾ ಇಳಿಸುವುದು ಮಾರುವವನಿಗೆ ಅನ್ಯಾಯ; ಕೊನೆಯ ಎರಡರಲ್ಲಿ ಬಾಯಿಮುಚ್ಚಿ ಮಾರುವುದು ಕೊಳ್ಳುವವನಿಗೆ ಅನ್ಯಾಯ.

ಈ ಪ್ರದೇಶಕ್ಕೆ ಸಂಬಂಧಿಸಿದ ಎರಡು ಸಂಗತಿಗಳನ್ನು ವಿಶೇಷವಾಗಿ ಗಮನಿಸಬೇಕು. ಮೊದಲನೆಯದು, ಇಲ್ಲಿನ ಬಹುಭಾಗ ಸಮುದ್ರಮಟ್ಟದಿಂದ ಸುಮಾರು 600ರಿಂದ 700 ಮೀಟರ್ ಎತ್ತರದಲ್ಲಿದೆ. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ತಗ್ಗುವುದರಿಂದ ಗೇಜಿನ ಅಂಕಿಯೂ ಸಮುದ್ರಮಟ್ಟದ್ದಕ್ಕಿಂತ ಸುಮಾರು ಶೇ. 7ರಷ್ಟು ಕಡಿಮೆ ಬರುತ್ತದೆ. ಕೈಪಿಡಿಯಲ್ಲಿ ಸಮುದ್ರಮಟ್ಟಕ್ಕೆ 165 ಎಂದಿದ್ದು ಇಲ್ಲಿ ನಾಲ್ಕೂ ಸಿಲಿಂಡರುಗಳು 150ರ ಆಸುಪಾಸಿನಲ್ಲಿ ಸಮನಾಗಿದ್ದರೆ ಆ ಎಂಜಿನ್ ಆರೋಗ್ಯವಾಗಿದೆ. ಇದನ್ನರಿಯದೆ ‘ಎಂಜಿನ್ ಬಿದ್ದೈತಿ’ ಎಂದು ರೈತನ ಕಾರಿನ ಬೆಲೆ ಮುರಿಯುವುದು ಸಲ್ಲದು. ಎರಡನೆಯದು ಇಂಧನದ ಪ್ರಶ್ನೆ. ಕಬ್ಬು ಬೆಳೆಯುವ ಈ ನಾಡಿಗೆ ಪರಿಚಿತವಾದ ಎಥೆನಾಲ್ 2025ರ ವೇಳೆಗೆ ಪೆಟ್ರೋಲಿನಲ್ಲಿ ಶೇ. 20ರಷ್ಟು ಬೆರೆತಿದೆ. ಎಥೆನಾಲಿನಲ್ಲಿ ಆಮ್ಲಜನಕವಿರುವುದರಿಂದ ಹಳೆಯ ಕಾರ್ಬೊರೇಟರ್ ವಾಹನಗಳಲ್ಲಿ ಕಾರ್ಬನ್ ಮೊನಾಕ್ಸೈಡ್ ತಾನಾಗಿಯೇ ತಗ್ಗುತ್ತದೆ. ಅಂಥ ವಾಹನದಲ್ಲಿ ತಗ್ಗಿದ ಅಂಕಿಯನ್ನು ಎಂಜಿನ್ನಿನ ಗಟ್ಟಿತನಕ್ಕೆ ಸಾಕ್ಷಿಯೆಂದು ತಿಳಿಯಲಾಗದು. ಗ್ಯಾಸ್ ಕಿಟ್ ಅಳವಡಿಸಿ ಬಹುಕಾಲ ಓಡಿಸಿದ ವಾಹನಗಳಲ್ಲಿಯೂ ಹೊಗೆ ಶುದ್ಧವಾಗಿ ಕಂಡು, ವಾಲ್ವಿನ ಸೀಟುಗಳು ಸವೆದಿರುವುದುಂಟು. ಅದನ್ನು ಪಿಯುಸಿ ತೋರಿಸದು, ಗೇಜು ತೋರಿಸುತ್ತದೆ.

ಕಾನೂನಿನ ನೆರವು ಎಲ್ಲಿಯವರೆಗೆ? 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳು ಬಳಸಿದ ವಾಹನಗಳ ಮಾರಾಟಗಾರರಿಗೆ ನೋಂದಣಿ ಪ್ರಾಧಿಕಾರದ ಅಧಿಕೃತ ಮಾನ್ಯತೆಯನ್ನು ವಿಧಿಸಿವೆ. ವಾಹನ ಯಾರ ವಶದಲ್ಲಿದೆ, ದಾಖಲೆಗಳ ಹೊಣೆ ಯಾರದು ಎಂಬುದಕ್ಕೆ ಅವುಗಳಿಂದ ಸ್ಪಷ್ಟತೆ ದೊರೆತಿದೆ. ಎಂಜಿನ್ನಿನ ಒಳಸ್ಥಿತಿಯ ಭರವಸೆಯನ್ನು ಮಾತ್ರ ವ್ಯಾಪಾರಿಯೇ ಕೊಡಬೇಕು. 1930ರ ಸರಕು ಮಾರಾಟ ಕಾಯ್ದೆಯ 16ನೇ ಕಲಮು ಸಾಮಾನ್ಯವಾಗಿ ಎಚ್ಚರಿಕೆಯ ಹೊಣೆಯನ್ನು ಕೊಳ್ಳುವವನ ಮೇಲೆಯೇ ಹೊರಿಸಿದರೂ, ತನ್ನ ಉದ್ದೇಶವನ್ನು ತಿಳಿಸಿ ವ್ಯಾಪಾರಿಯ ಪರಿಣತಿಯನ್ನು ನಂಬಿ ಕೊಂಡವನಿಗೆ ರಕ್ಷಣೆಯನ್ನೂ ಕಲ್ಪಿಸಿದೆ. ಬರೆದುಕೊಟ್ಟ ಪರೀಕ್ಷಾ ಚೀಟಿ ಇಂಥ ತಕರಾರಿನಲ್ಲಿ ಪ್ರಾಮಾಣಿಕ ವ್ಯಾಪಾರಿಗೂ ಆಸರೆಯಾಗಬಲ್ಲದು.

‘ಇಷ್ಟೆಲ್ಲ ಬರೆದುಕೊಟ್ಟರೆ ಗಿರಾಕಿ ಹೆದರಿ ಪಕ್ಕದ ಊರಿಗೆ ಹೋಗುತ್ತಾನೆ’ ಎಂಬ ಆಕ್ಷೇಪಣೆಯಲ್ಲಿ ಸ್ವಲ್ಪ ಸತ್ಯವಿಲ್ಲದಿಲ್ಲ. ಒಬ್ಬನೇ ಬರೆದುಕೊಟ್ಟರೆ ನಷ್ಟವಾದೀತು. ನಾಲ್ಕೂ ತಾಲ್ಲೂಕುಗಳ ವ್ಯಾಪಾರಿಗಳು ಒಂದೇ ನಮೂನೆಯನ್ನು ಒಪ್ಪಿಕೊಂಡರೆ ಆ ಭಯಕ್ಕೆ ಅವಕಾಶವೆಲ್ಲಿ? ಒಂದು ಪುಟ ಸಾಕು: ಪರೀಕ್ಷೆಯ ದಿನಾಂಕ, ಓಡಿದ ಕಿಲೋಮೀಟರು, ಎಂಜಿನ್ ಬಿಸಿಯಾಗಿತ್ತೇ ಎಂಬ ವಿವರ, ಪ್ರತಿ ಸಿಲಿಂಡರಿನ ಅಂಕಿ, ಆಯಿಲ್ ಬಿಟ್ಟ ನಂತರದ ಅಂಕಿ, ಹೊಗೆಯ ಅಂಕಿಗಳು, ಪರೀಕ್ಷಿಸಿದ ಮೆಕ್ಯಾನಿಕನ ಸಹಿ. ಮಾರಾಟಕ್ಕೆ ಮೊದಲು ದಪ್ಪ ಆಯಿಲ್ ತುಂಬಿ ಹೊಗೆಯನ್ನು ಮುಚ್ಚುವ ಹಳೆಯ ಉಪಾಯಕ್ಕೆ ತಡೆಯಾಗಿ, ಯಾವ ದರ್ಜೆಯ ಆಯಿಲ್ ಯಾವಾಗ ಹಾಕಲಾಯಿತೆಂಬ ಒಂದು ಸಾಲೂ ಇರಲಿ. ಗೇಜಿನ ಬೆಲೆ ಒಂದು ಟೈರಿನ ಬೆಲೆಯನ್ನು ಮೀರದು. ಸಾಮಾನ್ಯ ಕಾರಿನ ಪರೀಕ್ಷೆಗೆ ತಗಲುವ ಕಾಲ ಸುಮಾರು ಒಂದು ಗಂಟೆ. ಸಾಲ ನೀಡುವ ಸಂಸ್ಥೆಗಳು ಅರ್ಜಿಯೊಂದಿಗೆ ಈ ಚೀಟಿಯನ್ನು ಕೇಳತೊಡಗಿದರೆ ಪದ್ಧತಿ ಬೇಗ ನೆಲೆಗೊಳ್ಳುವುದು.

ಕೊಂಡ ಮೂರು ತಿಂಗಳಲ್ಲಿ ಎಂಜಿನ್ ಬಿಚ್ಚಬೇಕಾಗಿ ಬಂದ ಬಾಡಿಗೆ ವಾಹನದವನಿಗೆ ದುರಸ್ತಿಯ ಹತ್ತಾರು ಸಾವಿರ ರೂಪಾಯಿಯೂ ಹೊರೆ, ಗಾಡಿ ನಿಂತ ದಿನಗಳ ದುಡಿಮೆಯೂ ನಷ್ಟ, ಅದರ ಮೇಲೆ ಕಟ್ಟಲೇಬೇಕಾದ ಕಂತು. ಕಂತು ನಿಂತರೆ ಸಾಲ ಕೊಟ್ಟವನಿಗೂ, ಹೆಸರು ಕೆಟ್ಟರೆ ಮಾರಿದವನಿಗೂ ಪೆಟ್ಟು ತಪ್ಪದು. ನಂಬಿಕೆಯೇ ಬಂಡವಾಳವೆಂದು ಪೇಟೆಯ ಹಿರಿಯರು ಹೇಳುತ್ತ ಬಂದಿದ್ದಾರೆ. ಆ ನಂಬಿಕೆಯನ್ನು ಅಂಕಿಗಳಲ್ಲಿ ಬರೆದು, ಸಹಿ ಮಾಡಿ ಕೊಡುವ ಪದ್ಧತಿಗೆ ನಾಲ್ಕೂ ತಾಲ್ಲೂಕುಗಳ ವ್ಯಾಪಾರಿ ಬಾಂಧವರು ಒಂದಾಗಿ ಮುಂದಾಗುವುದು ಉಚಿತ.